ಪೂರ್ವಕಥೆಯ ವಿಮರ್ಶೆ: ‘ದಿ ಲಯನ್ ಕಿಂಗ್’ ಮತ್ತು ‘ಮುಫಾಸ’

೧

ಪ್ರಸಿದ್ಧವಾದ ಕಥೆಯೊಂದು ಮುಗಿದ ಮೇಲೆ ಮುಂದೇನಾಯಿತೆಂದು ಕೇಳುವುದು ಶ್ರೋತೃಗಳಿಗೆ ಸಹಜವಾದ ಕುತೂಹಲ. ಹಿಂದೇನಿತ್ತೆಂದು ಕೇಳುವುದೂ ಅಷ್ಟೇ ಸಹಜವಾದದ್ದು. ಆದರೆ ಈ ಎರಡನೆಯ ಪ್ರಶ್ನೆಗೆ ಉತ್ತರ ಹೇಳಹೊರಟವನ ಕಾರ್ಯ ಹೆಚ್ಚು ಕಷ್ಟತರವಾದುದು. ಮುಂದಿನ ಕಥೆಯನ್ನು ಹೇಳುವವನಿಗೆ ದಾರಿ ತೆರೆದಿರುತ್ತದೆ. ಹಿಂದಿನ ಕಥೆಯನ್ನು ಹೇಳುವವನು ಎಲ್ಲಿಗೆ ಹೋಗಿ ಸೇರಬೇಕೆಂಬುದು ಮೊದಲೇ ನಿಶ್ಚಿತವಾಗಿರುತ್ತದೆ. ಅವನ ಶ್ರೋತೃಗಳಿಗೂ ಅದು ಗೊತ್ತಿರುತ್ತದೆ. ಫಲ ತಿಳಿದಿರುವಾಗ ಕಾರಣವನ್ನು ಹುಡುಕಿಕೊಡುವುದು ಅವನ ಪಾಲಿಗೆ ಬಂದ ಕೆಲಸ. ಇದು ಇತಿಹಾಸಕಾರನ ಕೆಲಸಕ್ಕೆ ಬಹಳ ಸಮೀಪವಾದುದು. ಆದುದರಿಂದಲೇ ಇಂತಹ ಕೃತಿಗಳನ್ನು ಕುರಿತು ಇತಿಹಾಸದ ವಿದ್ಯಾರ್ಥಿಯೊಬ್ಬನು ನಾಲ್ಕು ಮಾತು ಹೇಳಿದರೆ ಅದು ಅಪ್ರಸ್ತುತವಾಗಲಾರದೆಂದು ನನ್ನ ನಂಬಿಕೆ.

ವಿವೇಚನೆಗೆ ಎತ್ತಿಕೊಂಡಿರುವ ಉದಾಹರಣೆ ಚಲನಚಿತ್ರ ಕ್ಷೇತ್ರದ್ದು. ಅಮೆರಿಕದ ಡಿಸ್ನಿ ಸಂಸ್ಥೆಯು ೧೯೯೪ರಲ್ಲಿ ಹೊರತಂದ ‘ದಿ ಲಯನ್ ಕಿಂಗ್’ ಎಂಬ ಅನಿಮೇಷನ್ ಚಿತ್ರವನ್ನು ರೋಜರ್ ಆಲರ್ಸ್ ಮತ್ತು ರಾಬ್ ಮಿಂಕಾಫ್ ಎಂಬ ಇಬ್ಬರು ನಿರ್ದೇಶಿಸಿದರು. ಎಲ್ಟನ್ ಜಾನ್ ಮತ್ತು ಟಿಮ್ ರೈಸ್ ಅವರ ಗೀತೆಗಳು, ಹಾನ್ಸ್ ಝಿಮ್ಮರ್ ಅವರ ಸಂಗೀತ ಇವು ಆ ಚಿತ್ರಕ್ಕೆ ಎರಡು ಆಸ್ಕರ್ ಪ್ರಶಸ್ತಿಗಳನ್ನು ತಂದುಕೊಟ್ಟವು. ೨೦೧೯ರಲ್ಲಿ ಅದೇ ಕಥೆಯನ್ನು ಜಾನ್ ಫಾವ್ರೋ ಅವರು ನಿಜವಾದ ಪ್ರಾಣಿಗಳೆಂದೇ ಭ್ರಮೆಯಾಗುವಂತಹ ಕಂಪ್ಯೂಟರ್ ಚಿತ್ರಗಳಲ್ಲಿ ಮತ್ತೊಮ್ಮೆ ನಿರೂಪಿಸಿದರು. ೨೦೨೪ರ ಡಿಸೆಂಬರಿನಲ್ಲಿ ಬಿಡುಗಡೆಯಾದ ‘ಮುಫಾಸ: ದಿ ಲಯನ್ ಕಿಂಗ್’ ಅದೇ ಬಗೆಯ ಅನಿಮೇಷನ್ ಕೌಶಲವನ್ನು ಬಳಸಿಕೊಂಡು ಮೂಲಕಥೆಗೂ ಹಿಂದಿನ ವೃತ್ತಾಂತವನ್ನು ಹೇಳುತ್ತದೆ. ಇದರ ನಿರ್ದೇಶಕರು ಬ್ಯಾರಿ ಜೆಂಕಿನ್ಸ್. ೨೦೧೬ರ ‘ಮೂನ್‌ಲೈಟ್’ ಚಿತ್ರದಿಂದ ಹೆಸರಾದವರು.

ಮೂಲಚಿತ್ರವು ಒಂದು ತಲೆಮಾರಿನ ಪ್ರೀತಿಗೆ ಪಾತ್ರವಾದ ಕೃತಿ. ಅಂತಹ ಕೃತಿಯ ಪಕ್ಕದಲ್ಲಿ ಅದರ ಪೂರ್ವಕಥೆಯನ್ನಿಟ್ಟು ತೂಗುವಾಗ ಸಾಮಾನ್ಯವಾಗಿ ಎರಡು ಅಳತೆಗೋಲುಗಳನ್ನು ಬಳಸಲಾಗುತ್ತದೆ. ಹೊಸ ಚಿತ್ರ ಹಳೆಯದರಷ್ಟೇ ರಂಜಿಸಿತೆ ಎಂಬುದು ಮೊದಲನೆಯದು. ಹಳೆಯದರ ಸಂಗತಿಗಳಿಗೆ ವಿರೋಧವಿಲ್ಲದೆ ನಡೆಯಿತೆ ಎಂಬುದು ಎರಡನೆಯದು. ಇವೆರಡೂ ಸಾಲವೆಂಬುದು ನನ್ನ ಅಭಿಪ್ರಾಯ. ಪೂರ್ವಕಥೆಯನ್ನು ನೋಡಿ ಬಂದು ಮತ್ತೆ ಮೂಲವನ್ನು ನೋಡಿದಾಗ ಮೂಲವು ಹಿಗ್ಗಿ ಕಾಣುವುದೋ ಕುಗ್ಗಿ ಕಾಣುವುದೋ ಎಂಬುದೇ ಸರಿಯಾದ ಪರೀಕ್ಷೆ. ಈ ಪರೀಕ್ಷೆಯಲ್ಲಿ ‘ಮುಫಾಸ’ ಎಷ್ಟರಮಟ್ಟಿಗೆ ಗೆಲ್ಲುತ್ತದೆಂಬುದನ್ನು ನಿಷ್ಕರ್ಷಿಸುವುದು ಈ ಲೇಖನದ ಉದ್ದೇಶ.

೨

ಮೂಲಚಿತ್ರದ ಕಥೆ ವಾಚಕರಲ್ಲಿ ಬಹುಮಂದಿಗೆ ತಿಳಿದಿರುವಂಥದು. ಸಿಂಹರಾಜನಾದ ಮುಫಾಸನಿಗೆ ಸಿಂಬ ಎಂಬ ಮಗ ಹುಟ್ಟುತ್ತಾನೆ. ಪಟ್ಟದ ಆಸೆ ತಪ್ಪಿಹೋದ ರಾಜನ ತಮ್ಮ ಸ್ಕಾರ್ ಕತ್ತೆಕಿರುಬಗಳ ನೆರವಿನಿಂದ ಮೃಗಗಳ ಭಾರಿ ಹಿಂಡೊಂದನ್ನು ಕಮರಿಯೊಳಕ್ಕೆ ನುಗ್ಗಿಸುತ್ತಾನೆ. ಮಗನನ್ನು ಉಳಿಸಿ, ಕಡಿದಾದ ಬಂಡೆಯನ್ನು ಹತ್ತಿ ನೆರವಿಗಾಗಿ ಕೈಚಾಚಿದ ಅಣ್ಣನನ್ನು ಕೆಳಕ್ಕೆ ತಳ್ಳಿ ಕೊಲ್ಲುತ್ತಾನೆ. ತಂದೆಯ ಸಾವಿಗೆ ತಾನೇ ಕಾರಣನೆಂಬ ಸುಳ್ಳನ್ನು ನಂಬಿ ಓಡಿಹೋದ ಸಿಂಬ ಪರಸ್ಥಳದಲ್ಲಿ ಬೆಳೆದು, ಕೊನೆಗೆ ಹಿಂದಿರುಗಿ ರಾಜ್ಯವನ್ನು ಪಡೆಯುತ್ತಾನೆ. ‘ಹ್ಯಾಮ್ಲೆಟ್’ ನಾಟಕದ ನೆರಳು ಈ ಕಥೆಯ ಮೇಲೆ ಬಿದ್ದಿರುವುದನ್ನು ವಿಮರ್ಶಕರು ಹಿಂದೆಯೇ ಗುರುತಿಸಿದ್ದಾರೆ.

ಈ ಕಥೆ ಎಂಬತ್ತೆಂಟು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಇಷ್ಟು ಅಲ್ಪಾವಧಿಯಲ್ಲಿ ಅದು ಸಾಧಿಸಿದ ಘನತೆಗೆ ಅದು ಹೇಳದೆ ಬಿಟ್ಟದ್ದೂ ಕಾರಣವೆಂಬುದನ್ನು ಗಮನಿಸಬೇಕು. ಮುಫಾಸ ಏಕೆ ರಾಜ? ಚಿತ್ರ ಹೇಳುವುದಿಲ್ಲ. ಸೂರ್ಯೋದಯವಾಗುತ್ತದೆ, ಆನೆ, ಜಿರಾಫೆ, ಜಿಂಕೆ, ಇರುವೆಗಳಾದಿಯಾಗಿ ಸಮಸ್ತ ಪ್ರಾಣಿಗಳೂ ಬಂಡೆಯ ಬುಡಕ್ಕೆ ಬಂದು ಸೇರುತ್ತವೆ, ವೃದ್ಧ ವಾನರನಾದ ರಫೀಕಿ ಶಿಶುವನ್ನು ಎತ್ತಿ ಹಿಡಿಯುತ್ತಾನೆ, ಎಲ್ಲವೂ ತಲೆಬಾಗುತ್ತವೆ. ಆ ರಾಜತ್ವಕ್ಕೆ ಸೂರ್ಯೋದಯಕ್ಕಿರುವಷ್ಟೇ ಸ್ವತಃಪ್ರಾಮಾಣ್ಯ. ಸ್ಕಾರ್ ಏಕೆ ದುಷ್ಟ? ರಾಜ್ಯಲೋಭವೆಂಬ ಒಂದೇ ಉತ್ತರ ಸಾಕಾಗುತ್ತದೆ. ಅವನ ಬಾಲ್ಯವೇನು, ಕಣ್ಣಿನ ಮೇಲಿನ ಗಾಯದ ಕಲೆ ಎಲ್ಲಿಂದ ಬಂತು ಎಂಬುದನ್ನು ಕೇಳಲು ನಮಗೆ ವ್ಯವಧಾನವೇ ದೊರೆಯುವುದಿಲ್ಲ. ಈ ಮೌನಗಳು ಕಥೆಯ ಕುಂದುಗಳಲ್ಲ. ಒಡಹುಟ್ಟಿದವನನ್ನು ಕೊಂದ ಪಾಪಕ್ಕೆ ವಿವರಣೆ ಕಡಮೆಯಾದಷ್ಟೂ ಭಯಾನಕತೆ ಹೆಚ್ಚು.

ಆದುದರಿಂದ ಪೂರ್ವಕಥೆಯನ್ನು ಬರೆಯುವವರು ಖಾಲಿ ಜಾಗವನ್ನು ತುಂಬುತ್ತಿದ್ದೇವೆಂದು ಭಾವಿಸುವಾಗ ಎಷ್ಟೋ ವೇಳೆ ಕಟ್ಟಡಕ್ಕೆ ಆಧಾರವಾದ ಕಿಟಕಿ ಬಾಗಿಲುಗಳನ್ನೇ ಮುಚ್ಚುತ್ತಿರುತ್ತಾರೆ. ಯಾವ ಮೌನವನ್ನು ಮುರಿಯಬಹುದು, ಯಾವುದನ್ನು ಮುರಿಯಬಾರದು ಎಂಬ ವಿವೇಕದಲ್ಲಿ ಅವರ ಯೋಗ್ಯತೆ ಗೊತ್ತಾಗುತ್ತದೆ.

೩

ಹೊಸ ಚಿತ್ರದ ಕಥಾಸಾರವಿದು. ಮುಫಾಸ ರಾಜವಂಶದವನಲ್ಲ. ಮರಿಯಾಗಿದ್ದಾಗ ಪ್ರವಾಹದಲ್ಲಿ ಕೊಚ್ಚಿಹೋಗಿ ತಂದೆ ತಾಯಿಗಳಿಂದ ಬೇರೆಯಾದವನು. ಮೊಸಳೆಗಳಿಗೆ ಆಹಾರವಾಗಬೇಕಾಗಿದ್ದ ಅವನನ್ನು ಟಾಕ ಎಂಬ ರಾಜಕುಮಾರನೂ ಅವನ ತಾಯಿ ಎಷೆಯೂ ಉಳಿಸುತ್ತಾರೆ. ಟಾಕನ ತಂದೆ ಒಬಾಸಿ ಪರಕೀಯನನ್ನು ನಂಬುವವನಲ್ಲ. ಅವನು ಮುಫಾಸನನ್ನು ಹೆಣ್ಣುಸಿಂಹಗಳ ಜೊತೆಯಲ್ಲಿ ಬೆಳೆಯಲು ಬಿಡುತ್ತಾನೆ. ಅಲ್ಲಿ ಮುಫಾಸ ಬೇಟೆಯನ್ನೂ ಗಾಳಿಯ ಜಾಡನ್ನೂ ಕಲಿಯುತ್ತಾನೆ. ಟಾಕನಾದರೋ ವಂಚನೆಯೂ ರಾಜನಿಗೆ ಒಂದು ಸಾಧನವೆಂಬುದನ್ನು ತಂದೆಯಿಂದ ಕಲಿಯುತ್ತಾನೆ. ಬಿಳಿಯ ಸಿಂಹಗಳ ನಾಯಕನಾದ ಕಿರೋಸನ ಕಡೆಯವರು ಎಷೆಯ ಮೇಲೆ ಬಿದ್ದಾಗ ಟಾಕ ಹೆದರಿ ಓಡುತ್ತಾನೆ; ಮುಫಾಸ ನಿಂತು ಕಾದುತ್ತಾನೆ. ಆಮೇಲೆ ವಂಶದ ಕುಡಿಯಾದರೂ ಉಳಿಯಲೆಂದು ಒಬಾಸಿ ಮಗನನ್ನು ಮುಫಾಸನೊಡನೆ ಕಳುಹಿಸುತ್ತಾನೆ. ದಾರಿಯಲ್ಲಿ ಸರಾಬಿ, ಝಾಝು, ರಫೀಕಿ ಇವರು ಕೂಡಿಕೊಳ್ಳುತ್ತಾರೆ. ಎಲ್ಲರ ಗುರಿ ‘ಮಿಲೇಲೆ’ ಎಂಬ ಕನಸಿನ ನಾಡು. ಸ್ವಾಹಿಲಿ ಭಾಷೆಯಲ್ಲಿ ಆ ಪದಕ್ಕೆ ಶಾಶ್ವತವೆಂಬ ಅರ್ಥವಿದೆ. ಸರಾಬಿಯನ್ನು ಟಾಕನೂ ಬಯಸುತ್ತಾನೆ. ಅವಳ ಮನಸ್ಸು ಮುಫಾಸನ ಕಡೆಗಿರುತ್ತದೆ. ನಿರಾಶನಾದ ಟಾಕ ಶತ್ರುವಿಗೆ ದಾರಿ ತೋರಿಸುತ್ತಾನೆ. ಆದರೆ ಕೊನೆಯ ಹೋರಾಟದಲ್ಲಿ ಮುಫಾಸನ ಮೇಲೆ ಬೀಳಬೇಕಾದ ಏಟಿಗೆ ತಾನೇ ಮುಖವೊಡ್ಡುತ್ತಾನೆ. ಗಾಯದ ಕಲೆ ಉಳಿಯುತ್ತದೆ. ಪ್ರಾಣಿಗಳೆಲ್ಲ ಮುಫಾಸನನ್ನು ರಾಜನೆಂದು ಸ್ವೀಕರಿಸುತ್ತವೆ. ಟಾಕನಿಗೆ ಆಶ್ರಯ ಸಿಕ್ಕುತ್ತದೆ. ಹಳೆಯ ಹೆಸರು ಹೋಗಿ ‘ಸ್ಕಾರ್’ ಎಂಬುದೇ ಹೆಸರಾಗುತ್ತದೆ.

೪

ಮೂಲಕೃತಿಯ ಪಾತ್ರಗಳಿಗೆ ಹಿಂದಿನ ಚರಿತ್ರೆಯನ್ನು ಕಟ್ಟುವ ಪದ್ಧತಿ ಚಲನಚಿತ್ರದವರು ಹೊಸದಾಗಿ ಕಂಡುಹಿಡಿದದ್ದಲ್ಲ. ನಮ್ಮವರಿಗೆ ಅದು ಚಿರಪರಿಚಿತ. ವಾಲ್ಮೀಕಿ ರಾಮಾಯಣದ ಉತ್ತರಕಾಂಡವು ಮುಂದಿನ ಕಥೆಯಂತೆಯೇ ಪೂರ್ವಕಥೆಯೂ ಹೌದು. ಪಟ್ಟಾಭಿಷೇಕವಾದ ಮೇಲೆ ಅಗಸ್ತ್ಯರು ರಾಮನ ಆಸ್ಥಾನಕ್ಕೆ ಬಂದು ರಾವಣನ ಹುಟ್ಟು, ತಪಸ್ಸು, ವರ, ದಿಗ್ವಿಜಯಗಳನ್ನು ಹೇಳುತ್ತಾರೆ. ಈ ಕಾಂಡ ಅನಂತರ ಸೇರಿದುದೆಂಬುದು ಅನೇಕ ವಿದ್ವಾಂಸರ ಮತ. ಇದರಲ್ಲಿ ರಾಮನು ಕೇಳುವ ಒಂದು ಪ್ರಶ್ನೆ ಪ್ರಕೃತ ವಿಷಯಕ್ಕೆ ಬಹಳ ಉಪಯುಕ್ತವಾದುದು: ಅಷ್ಟು ಬಲಶಾಲಿಯಾದ ಹನುಮಂತನು ಸುಗ್ರೀವನು ಕಷ್ಟದಲ್ಲಿದ್ದಾಗ ವಾಲಿಯನ್ನು ಏಕೆ ಎದುರಿಸಲಿಲ್ಲ? ಬಾಲ್ಯದಲ್ಲಿ ಋಷಿಗಳ ಶಾಪದಿಂದ ಅವನಿಗೆ ತನ್ನ ಬಲದ ಅರಿವೇ ಇರಲಿಲ್ಲವೆಂದು ಅಗಸ್ತ್ಯರು ಉತ್ತರ ಕೊಡುತ್ತಾರೆ. ಮೂಲದ ಸಂದೇಹವೊಂದನ್ನು ಪೂರ್ವಕಥೆ ಪರಿಹರಿಸುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಶಾಸನಗಳಲ್ಲಿ ಬೇರೆ ಎರಡು ಬಗೆಯವು ದೊರೆಯುತ್ತವೆ. ಹುಲಿಯನ್ನು ಹೊಡೆಯೆಂದು ಗುರು ಹೇಳಿದ ಮಾತಿನಿಂದ ‘ಪೊಯ್ಸಳ’ ಎಂಬ ಹೆಸರು ಬಂದಿತೆಂಬ ಸಳನ ಕಥೆ ವಿಷ್ಣುವರ್ಧನನ ಕಾಲದ ೧೧೧೭ರ ಬೇಲೂರು ಶಾಸನದಲ್ಲಿ ಕಾಣುತ್ತದೆ. ವಂಶ ಪ್ರಬಲವಾದ ಕಾಲದಲ್ಲಿ ವಂಶದ ಹೆಸರಿಗೆ ಒದಗಿಸಿದ ಕಥೆಯಿದು. ಕಲ್ಯಾಣದ ಚಾಲುಕ್ಯರ ೧೦೦೯ರ ಕೌಠೇಂ ತಾಮ್ರಶಾಸನವು ತಮ್ಮ ವಂಶದ ಐವತ್ತೊಂಬತ್ತು ರಾಜರು ಹಿಂದೆ ಅಯೋಧ್ಯೆಯಲ್ಲಿ ಆಳಿದರೆಂದು ಹೇಳುತ್ತದೆ. ಬಾದಾಮಿಯ ಚಾಲುಕ್ಯರು ತಮ್ಮ ಶಾಸನಗಳಲ್ಲಿ ಮಾನವ್ಯಗೋತ್ರ, ಹಾರೀತಿಪುತ್ರತ್ವಗಳನ್ನು ಹೇಳಿಕೊಂಡರೇ ಹೊರತು ಅಯೋಧ್ಯೆಯ ಮಾತೆತ್ತಲಿಲ್ಲ. ರಾಷ್ಟ್ರಕೂಟರಿಂದ ರಾಜ್ಯವನ್ನು ಕಿತ್ತುಕೊಂಡು ಹೊಸದಾಗಿ ತಲೆಯೆತ್ತಿದ ಮನೆತನಕ್ಕೆ ಪ್ರಾಚೀನತೆ ಬೇಕಾಗಿತ್ತು. ಆ ಬೇಡಿಕೆಯನ್ನು ವಂಶಾವಳಿ ಪೂರೈಸಿತು.

ಹೀಗೆ ಪೂರ್ವಕಥೆ ಮೂರು ಕೆಲಸಗಳನ್ನು ಮಾಡುತ್ತದೆ: ಸಂದೇಹವನ್ನು ಪರಿಹರಿಸುತ್ತದೆ, ಹೆಸರನ್ನು ವಿವರಿಸುತ್ತದೆ, ಅಧಿಕಾರವನ್ನು ಸಮರ್ಥಿಸುತ್ತದೆ. ‘ಮುಫಾಸ’ ಈ ಮೂರನ್ನೂ ಮಾಡಲು ಯತ್ನಿಸುತ್ತದೆ. ಒಂದೊಂದನ್ನೂ ಬೇರೆಬೇರೆಯಾಗಿ ಪರಿಶೀಲಿಸೋಣ.

೫

ಹೆಸರುಗಳ ವಿವರಣೆಯನ್ನು ಮೊದಲು ತೆಗೆದುಕೊಳ್ಳಬಹುದು, ಏಕೆಂದರೆ ಅದು ಚಿತ್ರದ ಅತ್ಯಂತ ದುರ್ಬಲವಾದ ಅಂಶ. ಸ್ಕಾರನ ಕಲೆ ಹೇಗೆ ಬಂತು, ರಫೀಕಿಯ ಕೈಗೆ ಆ ಕೋಲು ಹೇಗೆ ಸಿಕ್ಕಿತು, ರಾಜಬಂಡೆ ಹೇಗೆ ನಿಂತಿತು ಎಂಬುದಕ್ಕೆಲ್ಲ ಚಿತ್ರ ಸಾವಧಾನವಾಗಿ ಉತ್ತರ ಹೇಳುತ್ತದೆ. ಸಳನ ಕಥೆಯಲ್ಲಿ ಒಂದು ಹೆಸರಿನ ನೆವದಿಂದ ವೀರಾದರ್ಶವೊಂದು ಮೂರ್ತಿಗೊಂಡಿತು. ಶಿಲ್ಪಿಗಳು ಅದನ್ನು ದೇವಾಲಯಗಳ ಮೇಲೆ ಕಡೆದು ನಿಲ್ಲಿಸಿದರು. ಇಲ್ಲಿ ಅಂತಹ ಲಾಭವೇನೂ ಕಾಣುವುದಿಲ್ಲ. ರಾಜಬಂಡೆಯ ವಿಷಯದಲ್ಲಂತೂ ನಷ್ಟವೇ ಹೆಚ್ಚು. ಮೂಲದಲ್ಲಿ ಆ ಬಂಡೆ ಅನಾದಿಯಾದುದೆಂಬ ಭಾವನೆ ನಮಗಿತ್ತು. ಮುಫಾಸನ ಯೌವನದಲ್ಲಿ ಭೂಮಿ ಕಂಪಿಸಿ ಅದು ಎದ್ದಿತೆಂದು ತಿಳಿದ ಮೇಲೆ ಅದರ ವಯಸ್ಸು ಒಂದು ತಲೆಮಾರಿಗೆ ಇಳಿಯುತ್ತದೆ. ಯಾವುದೇ ವಸ್ತುವಿನ ಮೂಲವನ್ನು ಹೇಳಿಬಿಟ್ಟರೆ ಅದನ್ನು ಅರ್ಥಮಾಡಿಸಿದಂತಾಯಿತೆಂಬ ಭ್ರಮೆಯನ್ನು ಕುರಿತು ಫ್ರಾನ್ಸಿನ ಇತಿಹಾಸಕಾರ ಮಾರ್ಕ್ ಬ್ಲಾಕ್ ತಮ್ಮ ಸಹವೃತ್ತಿಗಳನ್ನು ಎಚ್ಚರಿಸಿದ್ದರು. ಆ ಎಚ್ಚರಿಕೆ ಕಥೆಗಾರರಿಗೂ ಸಲ್ಲುವಂಥದು.

೬

ಎರಡನೆಯದು ಸಂದೇಹ ಪರಿಹಾರ. ಸ್ಕಾರನಿಗೆ ಅಣ್ಣನ ಮೇಲೆ ಅಷ್ಟು ದ್ವೇಷವೇಕೆ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಚಿತ್ರವು ಇದಕ್ಕೆ ಒಂದರ ಬದಲು ಎರಡು ಉತ್ತರಗಳನ್ನು ಕೊಡುತ್ತದೆ. ಅವುಗಳಲ್ಲಿ ಒಂದು ಒಳ್ಳೆಯದು, ಇನ್ನೊಂದು ಸಾಮಾನ್ಯ.

ಒಳ್ಳೆಯದು ಋಣದ ಕಥೆ. ಮುಫಾಸ ಬದುಕಿದ್ದೇ ಟಾಕನ ಕೃಪೆಯಿಂದ. ಸಹೋದರನೊಬ್ಬ ಬೇಕೆಂಬ ಆಸೆಯಿಂದ ಟಾಕ ಅವನನ್ನು ಉಳಿಸಿ, ಮನೆಗೆ ತಂದು, ತಂದೆಯ ವಿರೋಧವನ್ನೂ ಲೆಕ್ಕಿಸದೆ ಜೊತೆಯಲ್ಲಿಟ್ಟುಕೊಂಡ. ಮುಂದೆ ಎಷೆಯ ಪ್ರಾಣಕ್ಕೆ ಸಂಚಕಾರ ಬಂದಾಗ ಅವನು ಓಡಿದ. ತನ್ನ ತಾಯಿಯನ್ನು ಕಾಯಬೇಕಾದ ಕರ್ತವ್ಯವನ್ನು ಆಶ್ರಿತನು ನೆರವೇರಿಸಿದ. ಉಪಕಾರ ಮಾಡಿದವನು ಉಪಕೃತನ ಮುಂದೆ ಕಿರಿದಾಗಿ ನಿಲ್ಲಬೇಕಾದ ಆ ಸನ್ನಿವೇಶದಲ್ಲಿ ಮಾನವಸ್ವಭಾವದ ನಿಜವಾದ ಅರಿವಿದೆ. ಸರಾಬಿಯನ್ನು ಆಪತ್ತಿನಿಂದ ಪಾರುಮಾಡಿದ ಮುಫಾಸ ಆ ಕೀರ್ತಿಯನ್ನು ಟಾಕನಿಗೆ ಬಿಟ್ಟುಕೊಡುವ ಭಾಗವೂ ಇದೇ ಜಾತಿಯದು. ಔದಾರ್ಯದಿಂದ ಆಡಿದ ಆ ಸುಳ್ಳು ಟಾಕನನ್ನು ಮತ್ತಷ್ಟು ಹೀನಸ್ಥಿತಿಗೆ ಒಯ್ಯುತ್ತದೆ. ಇಷ್ಟನ್ನು ನೋಡಿದವರು ಮೂಲಚಿತ್ರದ ಕಮರಿಯ ದೃಶ್ಯಕ್ಕೆ ಹಿಂದಿರುಗಿದರೆ ಅಲ್ಲಿ ಹೊಸದೊಂದು ಕ್ರೌರ್ಯ ಕಾಣುತ್ತದೆ. ಹಿಂದೆ ನೀರಿನಿಂದ ಉಳಿಸಿಕೊಂಡವನನ್ನೇ ಇಂದು ಬಂಡೆಯಿಂದ ತಳ್ಳುತ್ತಿದ್ದಾನೆ. ಕೊಟ್ಟ ಪ್ರಾಣವನ್ನು ಹಿಂದಕ್ಕೆ ಪಡೆಯುತ್ತಿದ್ದಾನೆ. ಇಲ್ಲಿ ಪೂರ್ವಕಥೆ ಮೂಲವನ್ನು ನಿಸ್ಸಂದೇಹವಾಗಿ ಹಿಗ್ಗಿಸಿದೆ.

ಆದರೆ ಚಿತ್ರವು ಈ ಉತ್ತರದಲ್ಲಿ ನಂಬಿಕೆಯಿಡದೆ ಪ್ರಣಯದ ಪೈಪೋಟಿಯನ್ನು ತಂದು ಸೇರಿಸುತ್ತದೆ. ಟಾಕನು ಶತ್ರುವಿನ ಕಡೆಗೆ ತಿರುಗುವುದಕ್ಕೆ ತಕ್ಷಣದ ಕಾರಣ ಸರಾಬಿಯ ನಿರಾಕರಣೆ. ಬಹುಕಾಲದಿಂದ ಒಳಗೇ ಕುದಿಯುತ್ತಿದ್ದ ಲಜ್ಜೆಯಿಂದ ಆಗಬೇಕಾಗಿದ್ದ ಪತನ ಒಂದು ರಾತ್ರಿಯ ಅಸೂಯೆಯಿಂದ ಆಗಿಹೋಗುತ್ತದೆ. ಜೆರೆಮಿ ಐರನ್ಸ್ ಅವರ ತಣ್ಣನೆಯ ದನಿಯಲ್ಲಿ ನಾವು ಕೇಳಿದ್ದ ಆ ವಿಷಾದಪೂರ್ಣ ಪರಿಹಾಸ, ಆ ಬುದ್ಧಿಯ ಗರ್ವ, ಭಗ್ನಪ್ರೇಮಿಯೊಬ್ಬನಿಂದ ಹುಟ್ಟಿಬಂದದ್ದೆಂದು ಒಪ್ಪುವುದು ಕಷ್ಟ.

ಇನ್ನೂ ಒಂದು ಮಾತಿದೆ. ಮೂಲದಲ್ಲಿ ಕೊಂದವನೂ ಸತ್ತವನೂ ಅಣ್ಣತಮ್ಮಂದಿರು. ಅವರು ಒಡಹುಟ್ಟಿದವರಲ್ಲವೆಂದು ಹೊಸ ಚಿತ್ರ ಹೇಳಿದ ಕೂಡಲೇ ಭ್ರಾತೃಹತ್ಯೆಯೆಂಬ ಮಹಾಪಾತಕದ ಭಾರ ಸ್ವಲ್ಪ ಇಳಿಯುವುದರಲ್ಲಿ ಅನುಮಾನವಿಲ್ಲ. ಸಾಕಿದ ಸಂಬಂಧವೂ ರಕ್ತಸಂಬಂಧದಷ್ಟೇ ದೊಡ್ಡದೆಂಬುದು ಚಿತ್ರದ ಆಶಯವೆಂದು ಸಮಾಧಾನ ಹೇಳಬಹುದು. ಆಶಯ ಉದಾತ್ತವಾದುದೇ. ಆದರೆ ಮೊದಲಿಂದಲೂ ಮುರಿಯಲಿರುವ ಬಾಂಧವ್ಯವನ್ನೇ ಅದಕ್ಕೆ ಸಾಕ್ಷಿಯಾಗಿ ನಿಲ್ಲಿಸಿದರೆ ಆ ಆಶಯಕ್ಕೆ ಪುಷ್ಟಿ ಬರುವುದಿಲ್ಲ.

೭

ಮೂರನೆಯದು ಅಧಿಕಾರದ ಸಮರ್ಥನೆ. ಚಿತ್ರದ ಶ್ರೇಷ್ಠವಾದ ಕಲ್ಪನೆಯೂ ಅದರ ದೊಡ್ಡ ಸೋಲೂ ಇಲ್ಲಿಯೇ ಇವೆ.

ಮೂಲಚಿತ್ರದಲ್ಲಿ ಮುಫಾಸ ಒಂದು ರಾತ್ರಿ ಮಗನಿಗೆ ನಕ್ಷತ್ರಗಳನ್ನು ತೋರಿಸಿ, ಗತಿಸಿದ ಮಹಾರಾಜರು ಅಲ್ಲಿಂದ ನಮ್ಮನ್ನು ನೋಡುತ್ತಿರುತ್ತಾರೆಂದು ಹೇಳುತ್ತಾನೆ. ಇದು ತನಗೆ ತನ್ನ ತಂದೆ ಹೇಳಿದ ಮಾತೆಂದೂ ತಿಳಿಸುತ್ತಾನೆ. ಅದನ್ನು ಕೇಳಿದವರು ಮುಫಾಸನ ಹಿಂದೆ ರಾಜರ ದೀರ್ಘ ಪರಂಪರೆಯೊಂದಿದೆಯೆಂದು ತಿಳಿಯುತ್ತಾರೆ. ೨೦೨೪ರ ಚಿತ್ರದ ಪ್ರಕಾರ ಅಂತಹ ಪರಂಪರೆಯೇ ಇಲ್ಲ. ಮುಫಾಸನ ತಂದೆ ರಾಜನಲ್ಲ; ಆ ನಾಡಿಗೆ ಮುಫಾಸನೇ ಮೂಲಪುರುಷ. ಎರಡು ಚಿತ್ರಗಳ ನಡುವೆ ಇದೊಂದು ಸ್ಪಷ್ಟವಾದ ವಿರೋಧ. ಸಂಗತಿಗಳ ಹೊಂದಾಣಿಕೆಯನ್ನೇ ಬಯಸುವ ಪ್ರೇಕ್ಷಕರು ಇದನ್ನು ದೋಷಗಳ ಪಟ್ಟಿಗೆ ಸೇರಿಸುವರು.

ನಾನು ಅದನ್ನು ದೋಷವೆನ್ನಲಾರೆ. ಶಾಸನಗಳನ್ನು ಓದಿದವರಿಗೆ ಅದು ಅಪರೂಪವಾದ ಸತ್ಯವಾಗಿ ಕಾಣುತ್ತದೆ. ಸ್ವಸಾಮರ್ಥ್ಯದಿಂದ ರಾಜ್ಯವನ್ನು ಪಡೆದ ಪ್ರತಿಯೊಬ್ಬ ಮೂಲಪುರುಷನ ಮನೆಯಲ್ಲಿಯೂ ಎರಡನೆಯ ತಲೆಮಾರಿನ ಹೊತ್ತಿಗೆ ಪುರಾತನ ರಾಜರು ಹುಟ್ಟಿಕೊಳ್ಳುತ್ತಾರೆ. ಕಲ್ಯಾಣದವರು ಅಯೋಧ್ಯೆಯನ್ನು ಕಂಡುಕೊಂಡಂತೆ ಮುಫಾಸ ನಕ್ಷತ್ರಗಳಲ್ಲಿ ಪೂರ್ವಜರನ್ನು ಕಂಡುಕೊಂಡ. ರಾಜ್ಯಕ್ಕಾಗಿ ಬೆಳೆಸಬೇಕಾದ ಮಗನಿಗೆ, ನಾನು ಪ್ರವಾಹದಲ್ಲಿ ತೇಲಿ ಬಂದ ಅನಾಥನೆಂದು ಹೇಳುವುದಕ್ಕಿಂತ, ಮಹಾರಾಜರು ಮೇಲಿಂದ ನೋಡುತ್ತಿದ್ದಾರೆಂದು ಹೇಳುವುದು ಆ ತಂದೆಗೆ ಹಿತವಾಗಿ ಕಂಡಿರಬೇಕು. ಹೀಗೆ ಓದಿದರೆ ಮೂಲಚಿತ್ರದ ಆ ಪ್ರಶಾಂತ ರಾತ್ರಿಗೆ ಕರುಣೆಯ ಛಾಯೆಯೊಂದು ಬರುತ್ತದೆ.

ವಿಷಾದದ ಸಂಗತಿಯೆಂದರೆ ಈ ಓದನ್ನು ನಾವು ಚಿತ್ರಕ್ಕೆ ಕೊಡಬೇಕಾಗಿದೆ. ಚಿತ್ರ ನಮಗೆ ಕೊಡುವುದಿಲ್ಲ. ಮುಫಾಸನನ್ನು ಗುಣದಿಂದ ರಾಜನೆಂದು ಸಾರಿದ ಮೇಲೆ, ಗುಣವೇ ಪ್ರಮಾಣವಾದರೆ ಸಿಂಬನು ಜನ್ಮದಿಂದ ರಾಜನಾದುದು ಹೇಗೆ, ಅವನ ಮಗಳು ಕಿಯಾರ ಹುಟ್ಟಿದ ಮಾತ್ರಕ್ಕೆ ಉತ್ತರಾಧಿಕಾರಿಣಿಯಾದುದು ಹೇಗೆ ಎಂಬ ಪ್ರಶ್ನೆಗಳು ಏಳಲೇಬೇಕು. ಕುಲವೋ ಗುಣವೋ ಎಂಬ ಈ ಪ್ರಶ್ನೆಯನ್ನು ನಮ್ಮ ಕವಿಗಳು ಕರ್ಣನ ಪಾತ್ರದ ಮೂಲಕ ಸಭೆಯ ನಡುವೆಯೇ ಎತ್ತಿ, ಅದರ ಕಹಿಯನ್ನು ಕೊನೆಯವರೆಗೂ ಉಂಡರು. ‘ಮುಫಾಸ’ ಪ್ರಶ್ನೆಯ ಬಾಗಿಲವರೆಗೆ ಬಂದು, ಒಳಗೆ ಹೋಗಲಾರದೆ, ಜಯಘೋಷದೊಡನೆ ಹಿಂದಿರುಗುತ್ತದೆ. ರಾಜವಂಶದ ಕುಡಿಯಾದ ಟಾಕ ಅಯೋಗ್ಯನೆಂದೂ ಅನಾಥನಾದ ಮುಫಾಸ ಯೋಗ್ಯನೆಂದೂ ತೋರಿಸಿದ ಕಥೆ ಹೊಸದೊಂದು ರಾಜವಂಶವನ್ನು ಸ್ಥಾಪಿಸಿ ಮುಗಿಯುತ್ತದೆ.

೮

ಈ ಹಿಂಜರಿಕೆಗೆ ಕಾರಣ ಕಥೆಯನ್ನು ಹೇಳಿರುವ ರೀತಿಯಲ್ಲಿದೆಯೆಂದು ನನಗೆ ತೋರುತ್ತದೆ. ಯಾವುದೇ ವೃತ್ತಾಂತವನ್ನು ಕೈಗೆತ್ತಿಕೊಂಡಾಗ ಹೇಳಿದವರು ಯಾರು, ಯಾರಿಗೆ ಹೇಳಿದರು, ಅವರು ಕಣ್ಣಾರೆ ಕಂಡವರೆ ಎಂದು ಕೇಳುವುದು ಇತಿಹಾಸದ ಮೊದಲ ಪಾಠ. ಇಲ್ಲಿ ಹೇಳುವವನು ರಫೀಕಿ. ಪಟ್ಟಗಟ್ಟುವ ಅಧಿಕಾರವುಳ್ಳ ರಾಜಗುರು. ಕೇಳುವವಳು ಕಿಯಾರ, ಮುಫಾಸನ ಮೊಮ್ಮಗಳು. ಟಿಮೋನ್ ಮತ್ತು ಪುಂಬಾ ನಡುನಡುವೆ ಹಾಸ್ಯೋಕ್ತಿಗಳನ್ನಾಡುತ್ತ ಪಕ್ಕದಲ್ಲಿರುತ್ತಾರೆ. ಒಬಾಸಿಯ ನೆಲೆಯಲ್ಲಿ ನಡೆದುದಾವುದನ್ನೂ ರಫೀಕಿ ಕಂಡವನಲ್ಲ. ಅವನು ದಾರಿಯಲ್ಲಿ ಕೂಡಿಕೊಂಡವನು. ಟಾಕನ ಬಾಯಿಂದ ಅವನ ಕಥೆಯನ್ನು ಕೇಳುವ ಅವಕಾಶ ಯಾರಿಗೂ ಉಳಿದಿಲ್ಲ. ಅಂದರೆ ಇದು ಗೆದ್ದವರ ಮನೆಯಲ್ಲಿ, ಗೆದ್ದವರ ಮಗುವಿಗೆ, ಗೆದ್ದವರ ಪುರೋಹಿತ ಹೇಳಿದ ಪ್ರಶಸ್ತಿ. ಅಗಸ್ತ್ಯರು ರಾವಣನ ಕಥೆಯನ್ನು ರಾಮನ ಆಸ್ಥಾನದಲ್ಲಿ ಹೇಳಿದುದೂ ಹೀಗೆಯೇ. ಆದರೆ ಅಲ್ಲಿ ರಾವಣನ ತಪಸ್ಸು, ಪರಾಕ್ರಮಗಳ ವರ್ಣನೆಗೆ ಯಾವ ಕೊರತೆಯೂ ಇಲ್ಲ. ಸೋತವನ ದೊಡ್ಡತನ ಗೆದ್ದವನ ಸಭೆಯಲ್ಲಿಯೇ ಪ್ರಕಟವಾಗುತ್ತದೆ.

ಜೆಂಕಿನ್ಸ್ ಅವರಂತಹ ಸೂಕ್ಷ್ಮಗ್ರಾಹಿಯಾದ ನಿರ್ದೇಶಕರು ಈ ಚೌಕಟ್ಟನ್ನು ಬಳಸಿಕೊಂಡು, ಕೇಳುತ್ತಿರುವ ಮಗುವಿನ ಮನಸ್ಸಿನಲ್ಲಿ ಒಂದು ಸಂದೇಹವನ್ನಾದರೂ ಮೂಡಿಸಬಹುದಾಗಿತ್ತು. ಟಾಕ ಇಲ್ಲದಿದ್ದರೆ ತಾತ ಬದುಕುತ್ತಿರಲಿಲ್ಲವಲ್ಲವೆ ಎಂಬ ಒಂದು ಪ್ರಶ್ನೆ ಆ ಮಗುವಿನ ಬಾಯಿಂದ ಬಂದಿದ್ದರೆ ಇಡೀ ಕಥೆ ಬೇರೆಯಾಗಿ ಬೆಳಗುತ್ತಿತ್ತು. ಚೌಕಟ್ಟು ಅದರ ಬದಲು ಹಾಸ್ಯಕ್ಕೆ ವ್ಯಯವಾಗಿದೆ.

೯

ರೂಪದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಮೂಲಚಿತ್ರ ಕೈಯಿಂದ ಬರೆದದ್ದು. ಮೃಗಗಳು ಕಮರಿಗೆ ನುಗ್ಗುವ ದೃಶ್ಯಕ್ಕೆ ಕಂಪ್ಯೂಟರಿನ ಸಹಾಯ ಪಡೆಯಲಾಗಿತ್ತು. ಕೆಲವೇ ನಿಮಿಷಗಳ ಆ ಭಾಗಕ್ಕೆ ಎರಡು ವರ್ಷಗಳಿಗೂ ಮಿಕ್ಕಿ ಹಿಡಿಯಿತು. ಸ್ಕಾರನನ್ನು ರೂಪಿಸಿದವರಲ್ಲಿ ಪ್ರಮುಖರಾದ ಆಂಡ್ರಿಯಾಸ್ ಡೇಜಾ ಅವನ ಹುಬ್ಬಿನ ಒಂದು ಕೊಂಕಿನಲ್ಲಿ, ಬಾಯಿಯ ಒಂದು ಓರೆಯಲ್ಲಿ ಸ್ವಭಾವವನ್ನು ತುಂಬಿದರು. ರೇಖೆಗೆ ಅತಿಶಯೋಕ್ತಿಯ ಸ್ವಾತಂತ್ರ್ಯವುಂಟು. ಹೊಸ ಚಿತ್ರದ ಸಿಂಹಗಳು ಪ್ರಾಣಿಶಾಸ್ತ್ರಜ್ಞರೂ ಮೆಚ್ಚುವಂತಿವೆ. ರೋಮ ರೋಮವೂ ಗಾಳಿಗೆ ಅಲುಗುತ್ತದೆ, ಹಿಮವೂ ನೀರೂ ಬೆರಗುಗೊಳಿಸುತ್ತವೆ. ಆದರೆ ನಿಜವಾದ ಸಿಂಹಕ್ಕೆ ಹುಬ್ಬು ಕೊಂಕಿಸಿ ನಗಲು ಬಾರದು. ಟಾಕನ ಮನಸ್ಸಿನಲ್ಲಿ ನಡೆಯುವ ಸೂಕ್ಷ್ಮವಾದ ಪರಿವರ್ತನೆಯನ್ನು ತೋರಿಸಬೇಕಾದ ಕಥೆಗೆ ಭಾವವನ್ನು ತೋರಲಾರದ ಮುಖವನ್ನು ಕೊಟ್ಟದ್ದು ವಿಪರ್ಯಾಸ. ಕ್ಯಾಮೆರಾವನ್ನು ಮುಖದ ತೀರ ಸಮೀಪಕ್ಕೆ ಒಯ್ದು ಈ ಕೊರತೆಯನ್ನು ನೀಗಿಸಲು ನಿರ್ದೇಶಕರು ಪಟ್ಟ ಶ್ರಮವನ್ನು ಒಪ್ಪಲೇಬೇಕು. ಅದು ಅಲ್ಲಲ್ಲಿ ಫಲಿಸಿಯೂ ಇದೆ.

ಲಿನ್-ಮ್ಯಾನ್ಯುಯೆಲ್ ಮಿರಾಂಡ ಅವರ ಗೀತೆಗಳಲ್ಲಿ ಸಹೋದರನ ಹಂಬಲವನ್ನು ಕುರಿತದ್ದು ಉತ್ತಮವಾದುದು. ಎರಡು ಮರಿಗಳು ಹಾಡುತ್ತ ಹಾಡುತ್ತ ಯುವಕರಾಗುವ ಆ ದೃಶ್ಯ, ಮೂಲದಲ್ಲಿ ಸಿಂಬ ಹಾಡಿನ ನಡುವೆಯೇ ಬೆಳೆದು ದೊಡ್ಡವನಾಗುವ ದೃಶ್ಯಕ್ಕೆ ಸಮರ್ಥವಾದ ಪ್ರತಿಧ್ವನಿ. ಉಳಿದ ಹಾಡುಗಳು ಮೂಲದವುಗಳಂತೆ ನೆನಪಿನಲ್ಲಿ ನಿಲ್ಲುವುದಿಲ್ಲ. ಮೂಲದ ಮುಫಾಸನಿಗೆ ದನಿಕೊಟ್ಟ ಜೇಮ್ಸ್ ಅರ್ಲ್ ಜೋನ್ಸ್ ೨೦೨೪ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಹೊಸ ಚಿತ್ರ ಅವರ ಸ್ಮರಣೆಗೆ ಅರ್ಪಿತವಾಗಿದೆ. ಅವರ ಸ್ಥಾನದಲ್ಲಿ ನಿಂತ ಆರನ್ ಪಿಯರ್ ಅನುಕರಣೆಗೆ ಹೋಗದೆ ತಮ್ಮದೇ ಗಾಂಭೀರ್ಯದಿಂದ ಮಾತನಾಡಿರುವುದು ಶ್ಲಾಘ್ಯ.

೧೦

ಇಲ್ಲಿಯವರೆಗಿನ ವಿವೇಚನೆಯ ಫಲವನ್ನು ಹೀಗೆ ಸಂಗ್ರಹಿಸಬಹುದು. ಹೆಸರುಗಳನ್ನೂ ವಸ್ತುಗಳನ್ನೂ ವಿವರಿಸುವ ಕಡೆ ‘ಮುಫಾಸ’ ಮೂಲವನ್ನು ಕುಗ್ಗಿಸುತ್ತದೆ. ಟಾಕನ ಋಣ ಮತ್ತು ಲಜ್ಜೆಗಳನ್ನು ನಿರೂಪಿಸುವ ಕಡೆ ಹಿಗ್ಗಿಸುತ್ತದೆ. ಪ್ರಣಯವನ್ನು ತಂದ ಕಡೆ ಆ ಲಾಭದ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ರಾಜತ್ವದ ಮೂಲವನ್ನು ಕುರಿತು ಮೂಲಚಿತ್ರ ಎತ್ತದಿದ್ದ ದೊಡ್ಡ ಪ್ರಶ್ನೆಯನ್ನು ಎತ್ತುತ್ತದೆ. ಉತ್ತರಿಸುವ ಧೈರ್ಯ ಮಾಡುವುದಿಲ್ಲ. ಮೂಲಚಿತ್ರದ ಸಮಕ್ಕೆ ಇದು ನಿಲ್ಲಲಾರದೆಂಬುದು ಸ್ಪಷ್ಟ. ಹಾಗೆಂದು ಲಾಭದಾಸೆಗಾಗಿ ಮಾಡಿದ ವ್ಯರ್ಥಪ್ರಯತ್ನವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಮೂಲಚಿತ್ರವನ್ನು ಪ್ರೀತಿಸುವವರು ಇದರಿಂದ ಆ ಋಣದ ಕಥೆಯನ್ನು ಉಳಿಸಿಕೊಂಡು ಮಿಕ್ಕುದನ್ನು ಬಿಟ್ಟುಬಿಡಬಹುದು.

ನಮ್ಮ ವಿದ್ಯಾರ್ಥಿಗಳಿಗೆ ಇದರಿಂದ ಇನ್ನೊಂದು ಪ್ರಯೋಜನವಿದೆ. ಅವರಲ್ಲಿ ಹಲವರು ಈ ಎರಡು ಚಿತ್ರಗಳನ್ನೂ ನೋಡಿರುತ್ತಾರೆ. ಕೌಠೇಂ ಶಾಸನವನ್ನು ಓದಿದವರು ವಿರಳ. ವಂಶಾವಳಿಯನ್ನು ಸುಳ್ಳೆಂದು ಎಸೆಯಬಾರದು, ನಿಜವೆಂದು ನಂಬಲೂಬಾರದು. ಅದನ್ನು ಬರೆಸಿದ ಕಾಲದ ಅಗತ್ಯವನ್ನು ಅದರಲ್ಲಿ ಓದಬೇಕೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಅದೇ ನ್ಯಾಯವನ್ನು ಇಲ್ಲಿಗೂ ಅನ್ವಯಿಸಿ ನೋಡಬಹುದು. ೧೯೯೪ರಲ್ಲಿ ರಾಜನ ಹಕ್ಕನ್ನು ಕುರಿತು ಒಂದು ಮಾತನ್ನೂ ಹೇಳಬೇಕಾಗಿ ಬರಲಿಲ್ಲ. ೨೦೨೪ರಲ್ಲಿ ಅವನನ್ನು ಅನಾಥನನ್ನಾಗಿ ಮಾಡಿ, ಅವನ ಯೋಗ್ಯತೆಯನ್ನು ಎರಡು ಗಂಟೆಗಳ ಕಾಲ ಪರೀಕ್ಷಿಸಿ ತೋರಿಸಬೇಕಾಯಿತು. ಈ ಮೂವತ್ತು ವರ್ಷಗಳಲ್ಲಿ ಬದಲಾದದ್ದು ಮುಫಾಸನ ಚರಿತ್ರೆಯಲ್ಲ. ಬದಲಾದವರು ಅವನ ಕಥೆಯನ್ನು ಕೇಳುವವರು.